ಡಿಸೆಂಬರ್ ಮುಗಿದ ಮೇಲೂ ಆ ಡ್ರ್ಯಾಗನ್ ಬೇಕಾ?

‘ಮಾಮ, ಇನ್ನು ಆರೇ ದಿನ. ಆಮೇಲೆ ಸಿಗೋದೇ ಇಲ್ಲ.’ ಡಿಸೆಂಬರ್ ಬಂತೆಂದರೆ ಅಕ್ಕನ ಮಗಳ ಈ ಪಂಚಾಯಿತಿ ನಮ್ಮನೆಯಲ್ಲಿ ಗ್ಯಾರಂಟಿ. ರೋಬ್ಲಾಕ್ಸ್ ಎಂಬ ಆನ್‌ಲೈನ್ ಆಟಗಳ ತಾಣದ ‘ಅಡಾಪ್ಟ್ ಮಿ’ ಆಟದಲ್ಲಿ ಕ್ರಿಸ್‌ಮಸ್‌ಗೆಂದೇ ಬಿಡುವ ಪೆಟ್, ಅಂದರೆ ತೆರೆಯ ಮೇಲೆ ಸಾಕುವ ಪ್ರಾಣಿ, ಅವಳಿಗೆ ಬೇಕು. ಗಡುವು ನೋಡಿ ಗಾಬರಿಯಾಗಿ ಕಾರ್ಡ್ ನಂಬರ್ ಒತ್ತಿ, ಜನವರಿಯಲ್ಲಿ ಬೈದುಕೊಳ್ಳುವ ಅಪ್ಪ-ಅಮ್ಮಂದಿರನ್ನು ಬೇಕಾದಷ್ಟು ನೋಡಿದ್ದೇನೆ. ನಾನೂ ಒಮ್ಮೆ ಒತ್ತಿದವನೇ.

ಮೊದಲು ಕೇಳಬೇಕಾದ್ದು, ಆ ಪೆಟ್ ದುಡ್ಡಿಗೋ ದುಡಿಮೆಗೋ ಅಂತ. 2019ರ ಹ್ಯಾಲೋವೀನ್‌ನಲ್ಲಿ ಬ್ಯಾಟ್ ಡ್ರ್ಯಾಗನ್‌ಗೆ 1,80,000 ಕ್ಯಾಂಡಿ ಕೇಳಿದ್ದರು. ಕ್ಯಾಂಡಿ ಆಡಿ ಗಳಿಸಬಹುದಾದದ್ದು. ಅದೇ ಹಬ್ಬದ ಶ್ಯಾಡೋ ಡ್ರ್ಯಾಗನ್‌ಗೆ 1,000 ರೋಬಕ್ಸ್. ಅದು ದುಡ್ಡು ಕೊಟ್ಟು ಕೊಳ್ಳುವ ರೋಬ್ಲಾಕ್ಸ್ ನಾಣ್ಯ, ಅಂದರೆ ನಿಮ್ಮ ಜೇಬು. ಕ್ರಿಸ್‌ಮಸ್‌ನಲ್ಲಿ ಕ್ಯಾಂಡಿಯ ಜಾಗಕ್ಕೆ ಜಿಂಜರ್‌ಬ್ರೆಡ್ ಬರುತ್ತದೆ. ಆಡಿ ಗಳಿಸುವಂಥದ್ದಾದರೆ ಮುಂದೆ ಓದಬೇಡಿ, ಹೋಂವರ್ಕ್ ಮುಗಿಸಿ ಆಡಲು ಬಿಡಿ.

ಎರಡನೆಯದು ರೋಬಕ್ಸನ್ನು ರೂಪಾಯಿಗೆ ಇಳಿಸುವುದು. ಪೆಟ್‌ನ ಬೆಲೆ ನೋಡಬೇಡಿ, ರೋಬಕ್ಸ್ ಮಾರುವ ಪ್ಯಾಕ್‌ನ ಬೆಲೆ ನೋಡಿ. ಅಮೆರಿಕದ ದರದಲ್ಲಿ 9.99 ಡಾಲರ್‌ಗೆ ಫೋನಿನ ಆ್ಯಪ್‌ನಲ್ಲಿ ಸಿಗುವುದು 800 ರೋಬಕ್ಸ್. ಅಷ್ಟೇ ದುಡ್ಡಿಗೆ ಬ್ರೌಸರ್‌ನಲ್ಲಿ 1,000. ಸಾವಿರದ ಪೆಟ್‌ಗೆ ಆ್ಯಪ್‌ನಲ್ಲಿ 800 ಕೊಂಡು, ಸಾಲದೆ 4.99 ಡಾಲರ್‌ನ 400ರ ಪ್ಯಾಕ್ ಒತ್ತಿದಿರೋ, 15 ಡಾಲರ್ ಹೋಯಿತು, 200 ರೋಬಕ್ಸ್ ಮಿಕ್ಕಿತು. ಆ ಮಿಕ್ಕಿದ್ದು ಸುಮ್ಮನೆ ಕೂರುವುದಿಲ್ಲ. ‘ಇನ್ನೊಂದ್ ಸ್ವಲ್ಪ ಹಾಕಿದ್ರೆ...’ ಎಂದು ಮುಂದಿನ ವಾರವೇ ರಾಗ ಶುರು. ‘ಉಚಿತ ರೋಬಕ್ಸ್’ ಕೊಡುತ್ತೇವೆನ್ನುವ ಜಾಲತಾಣಗಳು ಪಾಸ್‌ವರ್ಡ್ ಕದಿಯಲಿಕ್ಕೇ ಇರುವುದು. ಅರ್ಧ ಬೆಲೆಯ ಗಿಫ್ಟ್ ಕಾರ್ಡ್ ಎಂದು ಆನ್‌ಲೈನ್ ಮಾರಾಟಗಾರನೊಬ್ಬನಿಂದ ನಾನು ಕೊಂಡದ್ದರ ಕೋಡ್ ಆಗಲೇ ಯಾರೋ ಬಳಸಿದ್ದಾಗಿತ್ತು.

ಈಗ ಎಲ್ಲರೂ ಎಡವುವ ಜಾಗ. ‘ವ್ಯಾಲ್ಯೂ ಏರುತ್ತೆ ಮಾಮ’ ಎಂಬ ಮಾತು. ಮಕ್ಕಳು ಇದನ್ನು ಷೇರು ದಲ್ಲಾಳಿಗಳಂತೆ ಹೇಳುತ್ತಾರೆ. ಕೈಯಲ್ಲಿ ಪುರಾವೆಯೂ ಇರುತ್ತದೆ: 2019ರ ಕ್ರಿಸ್‌ಮಸ್‌ನಲ್ಲಿ 1,000 ರೋಬಕ್ಸ್‌ಗೆ ಸಿಕ್ಕ ಫ್ರಾಸ್ಟ್ ಡ್ರ್ಯಾಗನ್‌ಗೆ ಇವತ್ತು ಟ್ರೇಡ್‌ನಲ್ಲಿ, ಅಂದರೆ ಆಟಗಾರರ ನಡುವಿನ ಪೆಟ್ ಅದಲು-ಬದಲಿನಲ್ಲಿ, ಮುಗಿಬೀಳುತ್ತಾರೆ. ಸುಳ್ಳಲ್ಲ. ಆದರೆ ಮರುವರ್ಷದ ಕ್ರಿಸ್‌ಮಸ್‌ನಲ್ಲಿ 800ಕ್ಕೆ ಬಂದ ಫ್ರಾಸ್ಟ್ ಫ್ಯೂರಿಯನ್ನು ಅದಕ್ಕೆ ಬದಲಾಗಿ ಇಟ್ಟು ನೋಡಿ, ಎದುರಿನವನು ಮಾತಾಡದೆ ಟ್ರೇಡ್ ಮುಚ್ಚಿ ಹೋಗುತ್ತಾನೆ. ಅದೂ ಹಬ್ಬದ್ದೇ, ಅದೂ ಮತ್ತೆ ಸಿಗದ್ದೇ. ವ್ಯತ್ಯಾಸ ಇಷ್ಟೇ: 2019ರಲ್ಲಿ ಆಡುವವರು ಕಡಿಮೆ, ಕೊಂಡು ಬಚ್ಚಿಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಎಷ್ಟೋ ಮಕ್ಕಳು ಆಟ ಬಿಟ್ಟರು, ಅವರ ಡ್ರ್ಯಾಗನ್‌ಗಳು ಮುಚ್ಚಿದ ಖಾತೆಗಳಲ್ಲೇ ಉಳಿದವು. 2020ರ ಲಾಕ್‌ಡೌನ್‌ನಲ್ಲಿ ಆಡುವವರು ಹೆಚ್ಚಿದರು, ಜೊತೆಗೆ ಎಲ್ಲರಿಗೂ ಗುಟ್ಟು ಗೊತ್ತಾಯಿತು. ಎಲ್ಲರೂ ನಾಲ್ಕು ನಾಲ್ಕು ಕೊಂಡು ಅಟ್ಟಕ್ಕೆ ಹಾಕಿದರೆ ಅಪರೂಪ ಎಲ್ಲಿಂದ ಬರಬೇಕು? ‘ಆಗ ಯಲಹಂಕದಲ್ಲಿ ಒಂದು ಸೈಟ್ ತಗೊಂಡಿದ್ದರೆ’ ಎನ್ನುವವರು ಇವತ್ತಿನ ರೇಟಿಗೆ ಸೈಟ್ ಕೊಂಡು ಅದೇ ಲಾಭ ಕಾಯ್ದಂತೆ.

ಇನ್ನೊಂದು. ಅದು ಏರಿದರೂ ನಿಮ್ಮ ಕೈಗೆ ದುಡ್ಡು ಬರದು. ಪೆಟ್‌ಗೆ ಬದಲು ಪೆಟ್, ಅಷ್ಟೇ. ಅದು ಮತ್ತೆ ರೋಬಕ್ಸ್ ಆಗುವುದಿಲ್ಲ, ಹೊರಗೆ ಹಣಕ್ಕೆ ಮಾರುವುದು ನಿಯಮಕ್ಕೆ ವಿರುದ್ಧ, ಖಾತೆಯೇ ಹೋಗಬಹುದು. ಯಾವ ಪೆಟ್‌ಗೆ ಎಷ್ಟು ಬೆಲೆಯೆಂದು ಹೇಳುವ ವ್ಯಾಲ್ಯೂ ಪಟ್ಟಿಗಳನ್ನು ಬರೆಯುವವರೂ ಆಟಗಾರರೇ, ಕಂಪನಿಯಲ್ಲ. ವ್ಯಾಲ್ಯೂ ಒಂದೇ ಕಾರಣವಾದರೆ ಕೊಳ್ಳಬೇಡಿ. ಚರ್ಚೆಯೇ ಬೇಡ.

ಹಾಗಾದರೆ ಆ ಪೆಟ್ ಮಾಡುವುದೇನು? ಒಂದು ಸಂಜೆ ಪಕ್ಕದಲ್ಲಿ ಕೂತು ನೋಡಿದೆ. ಆಟ ಶುರುವಿನಲ್ಲಿ ಪುಕ್ಕಟೆ ಮೊಟ್ಟೆಯಿಂದ ಬಂದ ನಾಯಿಗೆ ಹಸಿವಾಯಿತು, ನಿದ್ದೆ ಬಂತು, ಸ್ನಾನ ಬೇಕಾಯಿತು. ಸಾವಿರ ರೋಬಕ್ಸ್‌ನ ಡ್ರ್ಯಾಗನ್‌ಗೂ ಹಸಿವು, ನಿದ್ದೆ, ಸ್ನಾನವೇ. ನೋಡಲು ಚೆಂದ, ಅದು ನಿಜ, ಚೆಂದಕ್ಕೆ ದುಡ್ಡು ಕೊಡುವುದರಲ್ಲಿ ತಪ್ಪೂ ಇಲ್ಲ. ಆದರೆ ಅದನ್ನು ‘ನಿಯಾನ್’ ಮಾಡುವ ಆಸೆ ಇದೆಯೇ ಎಂದು ಮೊದಲೇ ಬಾಯಿ ಬಿಡಿಸಿ. ಪೂರ್ತಿ ಬೆಳೆದ ನಾಲ್ಕು ಒಂದೇ ಜಾತಿಯವನ್ನು ಸೇರಿಸಿದರೆ ಒಂದು ಹೊಳೆಯುವ ನಿಯಾನ್. ‘ಮೆಗಾ ನಿಯಾನ್’ಗೆ ಅಂಥ ನಾಲ್ಕು, ಅಂದರೆ 16. ಸಾವಿರದ ಪೆಟ್ ಆದರೆ ಲೆಕ್ಕ ನೀವೇ ಹಾಕಿ.

ಒಳಗೇನಿದೆಯೋ ಗೊತ್ತಿಲ್ಲದ ಮೊಟ್ಟೆ, ಡಬ್ಬಿಗಳಿಗೆ ರೋಬಕ್ಸ್ ಬೇಡವೇ ಬೇಡ. ಹಣಕ್ಕೆ ಮಾರುವ ಅದೃಷ್ಟದ ವಸ್ತುವಿನಲ್ಲಿ ಏನು ಸಿಗುವ ಸಾಧ್ಯತೆ ಎಷ್ಟೆಂದು ತೋರಿಸಬೇಕು ಎಂಬುದು ರೋಬ್ಲಾಕ್ಸ್ ನಿಯಮ. ಮಗುವಿನಿಂದಲೇ ಅದನ್ನು ಗಟ್ಟಿಯಾಗಿ ಓದಿಸಿ.

ಇಷ್ಟಾದ ಮೇಲೂ ಬೇಕೆಂದರೆ ಗಡುವಿನ ಹಿಂದಿನ ದಿನದವರೆಗೆ ಕಾಯಿಸಿ. ಮೊದಲ ದಿನ ಕೊಂಡದ್ದಕ್ಕೂ ಕೊನೆಯ ದಿನ ಕೊಂಡದ್ದಕ್ಕೂ ಪೆಟ್‌ನಲ್ಲಿ ವ್ಯತ್ಯಾಸವಿಲ್ಲ. ಹೋದ ವರ್ಷ ನಮ್ಮವಳು ನಾಲ್ಕನೇ ದಿನಕ್ಕೆ ಬೇರೆ ಆಟಕ್ಕೆ ಹಾರಿದ್ದಳು. ಈ ವರ್ಷ ಹಾರಲಿಲ್ಲ, ಕೊಡಿಸಿದೆ, ಒಂದೇ ಒಂದು. ಬ್ರೌಸರ್‌ನಲ್ಲಿ ಕೊಂಡು, ಕಾರ್ಡ್ ವಿವರ ಅಳಿಸಿ, ಪೋಷಕರ ನಿಯಂತ್ರಣದಲ್ಲಿ ತಿಂಗಳ ಖರ್ಚಿಗೆ ಮಿತಿ ಹಾಕಿದೆ. ಡ್ರ್ಯಾಗನ್‌ಗೆ ಅವಳಿಟ್ಟ ಹೆಸರು ‘ಬೋಂಡ’.