ನಮ್ಮ ಚರ್ಚಿನ ಹಳೇ ರಿಜಿಸ್ಟರ್ ಓದಿದ್ದು

ಚಿತ್ರದುರ್ಗ ಜಿಲ್ಲೆಯ ಒಂದು ಸಣ್ಣ ಊರು ನಮ್ಮದು. ಅಲ್ಲಿನ ಚರ್ಚಿಗೆ ಎಷ್ಟು ವರ್ಷ ಅಂತ ಯಾರನ್ನು ಕೇಳಿದರೂ ಬಾಗಿಲ ಮೇಲಿನ ಕಲ್ಲು ತೋರಿಸುತ್ತಿದ್ದರು. ಆದರೆ ಕಲ್ಲು ಈಗಿನ ಕಟ್ಟಡದ ವರ್ಷ ಹೇಳುತ್ತದೆ ಅಷ್ಟೇ. ಅದಕ್ಕೂ ಮುಂಚೆ ಇಲ್ಲಿ ನಮ್ಮವರು ಇರಲಿಲ್ವಾ? ಫಾದರ್ ಹತ್ತಿರ ಕೇಳಿದೆ. ಬೀರುವಿನಿಂದ ಜ್ಞಾನಸ್ನಾನದ (ನೀರು ಹಾಕಿ ಕ್ರೈಸ್ತಸಭೆಗೆ ಸೇರಿಸಿಕೊಳ್ಳುವ ಸಂಸ್ಕಾರ) ಹಳೇ ರಿಜಿಸ್ಟರ್ ತೆಗೆದುಕೊಟ್ಟು, "ಮನೆಗೆ ಬೇಡ, ಇಲ್ಲೇ ಕೂತು ಓದಿ" ಅಂದರು.

ಎರಡು ತಿಂಗಳು, ಪ್ರತಿ ಭಾನುವಾರ ಪೂಜೆ ಮುಗಿದ ಮೇಲೆ ಕೂತೆ. ಎಲ್ಲ ಲ್ಯಾಟಿನ್. ಆದರೆ ಹತ್ತು ಪದ ಗೊತ್ತಿದ್ದರೆ ಸಾಕು. ಫಿಲಿಯುಸ್ ಮಗ, ಫಿಲಿಯಾ ಮಗಳು, ಪಾತ್ರಿನುಸ್ ಅಂದರೆ ಜ್ಞಾನಸ್ನಾನದಲ್ಲಿ ಮಗುವಿನ ಹೊಣೆ ಹೊರುವ ಜ್ಞಾನತಂದೆ. ಮೊದಲ ಪುಟವೇ ಬಾಗಿಲ ಕಲ್ಲಿಗಿಂತ ಹಳೆಯದಿತ್ತು! ಹೀಗೆ ಬರೆದಿಡಬೇಕು ಅಂತ 1563ರಲ್ಲೇ ಕಥೋಲಿಕ ಬಿಷಪ್ಪರ ಟ್ರೆಂಟ್ ಮಹಾಸಭೆ ಕಟ್ಟಳೆ ಮಾಡಿತ್ತು. ಅದರಿಂದಲೇ ನಮ್ಮಂಥ ಸಣ್ಣ ಊರಿನ ಬಡವರ ಹೆಸರೂ ಉಳಿದಿದೆ.

ತೊಡಕಾಗಿದ್ದು ಅಂಕಿಗಳು. ಆಗಿನ ಮೈಸೂರು ಮಿಷನ್ನಿನ ಪಾದ್ರಿಗಳು ಪ್ಯಾರಿಸ್ಸಿನಿಂದ ಬಂದ ಫ್ರೆಂಚರು. ಅವರ 1ಕ್ಕೆ ಉದ್ದ ಕೊಂಡಿ, ನಮ್ಮ ಕಣ್ಣಿಗೆ ಅದು 7. ಅವರ 7ಕ್ಕೆ ನಡುವೆ ಅಡ್ಡಗೆರೆ. ಮೊದಲ ವಾರ ಬರೆದುಕೊಂಡ ವರ್ಷಗಳು ಜಾಸ್ತಿ ತಪ್ಪಿದ್ದವು. ಹಿಂದಿನ, ಮುಂದಿನ ಪುಟ ಹೊಂದಿಸಿ ತಿದ್ದಿದೆ.

ಕಾಗದ ಹುಡುಕುವವರಿಗೆ ಒಂದು ಮಾತು. ಮೊದಲು ಈ ಕಡೆಯ ಚರ್ಚುಗಳೆಲ್ಲ ಮೈಸೂರು ಧರ್ಮಪ್ರಾಂತ್ಯಕ್ಕೆ, ಅಂದರೆ ಒಬ್ಬ ಬಿಷಪ್ಪರ ಆಡಳಿತಕ್ಕೆ, ಸೇರಿದ್ದವು. 1940ರಲ್ಲಿ ಬೆಂಗಳೂರು, 1963ರಲ್ಲಿ ಚಿಕ್ಕಮಗಳೂರು, 1988ರಲ್ಲಿ ಶಿವಮೊಗ್ಗ ಬೇರೆಯಾದವು. ನಮ್ಮ ಜಿಲ್ಲೆ ಈಗ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದೆ. ಹಳೇ ಕಾಗದ ಇವುಗಳಲ್ಲಿ ಯಾವ ಕಡೆಯಾದರೂ ಇರಬಹುದು, ಒಂದೇ ಕಡೆ ಕೇಳಿ ಸುಮ್ನಾಗಬೇಡಿ.

ನನಗೆ ತುಂಬ ಹತ್ತಿರವಾದದ್ದು ಹೆಸರುಗಳು. ಪುಸ್ತಕದಲ್ಲಿ ಪೆತ್ರುಸ್, ಮನೆಯಲ್ಲಿ ರಾಯಪ್ಪ. ಪೌಲುಸ್ ಅಂದರೆ ಚಿನ್ನಪ್ಪ. ಕ್ಸವೇರಿಯುಸ್ ಅಂದರೆ ಚೌರಪ್ಪ. ಇದನ್ನು ಹೇಳಿಕೊಟ್ಟವರು ಪಕ್ಕದ ಬೀದಿಯ ಅಜ್ಜಿ. ಅವರಿಗೆ ಓದು ಬರುವುದಿಲ್ಲ, ಆದರೆ ಯಾರ ಮನೆಗೆ ಯಾರು ಜ್ಞಾನತಂದೆ ಅನ್ನುವುದು ಬಾಯಿಪಾಠ. ಒಂದು ದಿನ "ಇಗ್ನಾತಿಯುಸ್, ಜ್ಞಾನತಾಯಿ ಅನ್ನಾ" ಅಂತ ಓದಿ ಹೇಳಿದೆ. ಅಜ್ಜಿ ಕೈಯಲ್ಲಿದ್ದ ಜಪಸರ ಬದಿಗಿಟ್ಟರು. "ಅದು ನಮ್ಮ ಮಾವ ಇನ್ನಾಸಪ್ಪನಲ್ವಾ? ಇನ್ನೊಂದ್ಸಲ ಓದಪ್ಪಾ" ಅಂದರು. ಮತ್ತೆ ಓದಿದೆ.