ಅಗ್ಗದ ಸ್ಟ್ರೈಕರ್ ಪಿಸ್ತೂಲು ಕೊಳ್ಳುವ ಮುಂಚೆ

ಅಗ್ಗದ ಸ್ಟ್ರೈಕರ್ ಪಿಸ್ತೂಲು ಕೊಳ್ಳುವಾಗ ಏನು ನೋಡಬೇಕು ಅಂತ ಮೂಡಿಗೆರೆ, ಸಕಲೇಶಪುರ ಕಡೆಯ ತೋಟದವರು ಆಗಾಗ ಕೇಳುತ್ತೀರಿ, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ಲೈಸೆನ್ಸ್ ನೋಡಿ. 9 ಎಂಎಂ ನಿಷೇಧಿತ ಬೋರ್ (ನಳಿಗೆಯ ಅಳತೆ), ಸಾಮಾನ್ಯ ಲೈಸೆನ್ಸಿಗೆ ಸಿಗುವುದಿಲ್ಲ. ಅಮೆರಿಕದವರ ವಿಡಿಯೋ ನೋಡಿ ಆಸೆಪಡುವುದು ಸುಮ್ನೆ. ನಮಗೆ ಹೆಚ್ಚಾಗಿ ಸಿಗುವುದು .32 ಬೋರ್.

ಸ್ಟ್ರೈಕರ್ ಪಿಸ್ತೂಲಿಗೆ ಹೊರಗೆ ಕಾಣುವ ಹ್ಯಾಮರ್ (ಹೊಡೆಯುವ ಸುತ್ತಿಗೆ) ಇರುವುದಿಲ್ಲ. ಸ್ಲೈಡಿನೊಳಗಿನ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ) ಸ್ಟ್ರೈಕರ್ ಅನ್ನುವ ಕಡ್ಡಿ ಸ್ಪ್ರಿಂಗಿನ ಬಲದಿಂದ ನುಗ್ಗಿ ತೋಟಾದ ಹಿಂಬದಿಗೆ ಹೊಡೆಯುತ್ತದೆ. ತಯಾರಕರು ದುಡ್ಡು ಉಳಿಸಿದ್ದು ಎಲ್ಲಿ ಅಂತ ಹೆಚ್ಚಾಗಿ ಟ್ರಿಗರ್‌ನಲ್ಲೇ ಗೊತ್ತಾಗುತ್ತದೆ. ಅಂಗಡಿಯಲ್ಲಿ ಮ್ಯಾಗಜಿನ್ (ತೋಟಾ ತುಂಬುವ ಡಬ್ಬಿ) ತೆಗೆಯಿರಿ, ಚೇಂಬರ್ (ಹಾರುವ ಮುಂಚೆ ತೋಟಾ ಕೂರುವ ಜಾಗ) ಖಾಲಿ ಇದೆಯಾ ಕಣ್ಣಾರೆ ನೋಡಿ, ಅಂಗಡಿಯವರನ್ನು ಕೇಳಿಯೇ ಟ್ರಿಗರ್ ಎಳೆಯಿರಿ. ಪ್ರತಿ ಸಲ ಸ್ಲೈಡ್ ಎಳೆದು ಟ್ರಿಗರ್ ಮತ್ತೆ ಮತ್ತೆ ಎಳೆದು ನೋಡಿ. ಸ್ವಲ್ಪ ತರಿತರಿ ಅನ್ನಿಸಿದರೆ ಪರವಾಗಿಲ್ಲ, ಬಳಸುತ್ತಾ ನಯವಾಗುತ್ತದೆ. ಒಮ್ಮೆ ಹಗುರ, ಒಮ್ಮೆ ಬಿಗಿ ಆದರೆ ವಾಪಸ್ ಕೊಟ್ಟುಬಿಡಿ.

ಗುರಿ ನೋಡುವ ಸೈಟ್ ಪ್ಲಾಸ್ಟಿಕ್ ಇದ್ದರೂ ನಡೆಯುತ್ತದೆ. ಮ್ಯಾಗಜಿನ್ ಮಾತ್ರ ಚೆನ್ನಾಗಿರಬೇಕು. ಅದರ ಬಾಯಿಯ ಅಂಚು ಸ್ವಲ್ಪ ಬಾಗಿದ್ದರೂ ತೋಟಾ ಸಿಕ್ಕಿಕೊಳ್ಳುತ್ತದೆ. ಬಿಡಿ ಮ್ಯಾಗಜಿನ್, ಸ್ಪ್ರಿಂಗ್ ಸಿಗುತ್ತವಾ ಕೇಳಿ. ಸಿಗದಿದ್ದರೆ ನಾನಂತೂ ಕೊಳ್ಳುವುದಿಲ್ಲ.

ನಮ್ಮ ಮಳೆಗಾಲ ಗೊತ್ತಲ್ವಾ? ಸ್ಲೈಡಿನ ಲೇಪನ ಗಟ್ಟಿ ಇಲ್ಲದಿದ್ದರೆ ತುಕ್ಕು ಹಿಡಿಯುತ್ತದೆ. ಆ ಹೆದರಿಕೆಗೆ ಸ್ಟ್ರೈಕರ್ ಓಡಾಡುವ ಜಾಗಕ್ಕೆ ಎಣ್ಣೆ ಸುರಿಯಬೇಡಿ. ಧೂಳು ಸೇರಿ ಅಂಟು ಕಟ್ಟಿದರೆ ಸ್ಟ್ರೈಕರ್ ಹೊಡೆತ ಸಾಲದೆ ಗುಂಡು ಹಾರುವುದಿಲ್ಲ.