‘ಚಮ್ಮಿ’ ಅಂದರೆ ಹೊಗಳಿಕೆಯಾ, ದೂರಾ? ಮೈಸೂರಿಗೆ ಹೊಸದಾಗಿ ಬಂದ ಮನೆಯವರಿಗೆ

ಗ್ಯಾಸ್, ಹಾಲು, ಶಾಲೆ ಸೀಟು, ಸಿಟಿ ಬಸ್ಸು ಎಲ್ಲವೂ ಈ ಮಾರ್ಗದರ್ಶಿಯ ಬೇರೆ ಪುಟಗಳಲ್ಲಿವೆ. ಇಲ್ಲಿ ಒಂದೇ ಒಂದು ಇಂಗ್ಲಿಷ್ ಪದದ ಬಗ್ಗೆ ಬರೆಯುತ್ತಿದ್ದೇವೆ. ಸಣ್ಣ ವಿಷಯ ಅನ್ನಿಸಬಹುದು. ಆದರೆ ಹುಬ್ಬಳ್ಳಿ, ಉಡುಪಿ, ರಾಯಚೂರು ಕಡೆಯಿಂದ ಬಂದು ಮಕ್ಕಳನ್ನು ಇಲ್ಲಿನ ಇಂಗ್ಲಿಷ್ ಮೀಡಿಯಂ ಶಾಲೆಗೆ ಸೇರಿಸಿದವರು ನಮ್ಮ ಸಂಘಕ್ಕೆ ಬಂದಾಗ ಕೇಳುವುದು ಜಾಸ್ತಿ ಇಂಥ ಪದಗಳನ್ನೇ.

ಪದ ‘ಚಮ್ಮಿ’ (chummy). ತುಂಬಾ ದೋಸ್ತಿ, ತುಂಬಾ ಸಲಿಗೆ ಅಂತ ಅರ್ಥ. ‘ದೆ ಆರ್ ವೆರಿ ಚಮ್ಮಿ’ ಅಂದರೆ ಇಬ್ಬರಿಗೂ ಚೆನ್ನಾಗಿ ಹೊಂದುತ್ತದೆ, ಅಷ್ಟೇ. ಯಾರ ಜೊತೆ ಅಂತ ಹೇಳುವಾಗ ‘ಚಮ್ಮಿ ವಿತ್’ ಅನ್ನಬೇಕು.

ತೊಡಕು ಬರುವುದು ಅದರ ಹಿಂದೆ ‘ಟೂ’ (too), ಅಂದರೆ ‘ಅತಿಯಾಗಿ’, ಸೇರಿದಾಗ. ಕುವೆಂಪುನಗರದ ಒಂದು ಮನೆಯ ಹುಡುಗಿಯ ಡೈರಿಯಲ್ಲಿ ಟೀಚರ್ ಕೆಂಪು ಪೆನ್ನಲ್ಲಿ ‘ಟೂ ಚಮ್ಮಿ ಇನ್ ಕ್ಲಾಸ್’ ಅಂತ ಬರೆದಿದ್ದರು. ಹೊಸ ಊರಲ್ಲಿ ಮಗಳಿಗೆ ಇಷ್ಟು ಬೇಗ ಗೆಳತಿಯರು ಸಿಕ್ಕರಲ್ಲ ಅಂತ ಅಮ್ಮನಿಗೆ ಖುಷಿ. ಸಹಿ ಹಾಕಿ, ಕೆಳಗೆ ‘ಥ್ಯಾಂಕ್ಯೂ ಮ್ಯಾಮ್’ ಅಂತ ಬರೆದು ಕಳಿಸಿದರು. ಅದು ದೂರು ಆಗಿತ್ತು. ಪಾಠದ ಹೊತ್ತಲ್ಲಿ ಪಕ್ಕದವಳ ಜೊತೆ ಮಾತು ಜಾಸ್ತಿ ಅಂತ ಟೀಚರ್ ಹೇಳಿದ್ದು. ಆ ತಾಯಿಯದು ತಪ್ಪು ಅಂತ ನಮಗೆ ಅನ್ನಿಸುವುದಿಲ್ಲ, ಮಕ್ಕಳ ಮನೆಗೆ ಹೋಗುವ ಮಾತನ್ನು ಟೀಚರ್ ಇನ್ನೂ ಬಿಡಿಸಿ ಬರೆಯಬೇಕಿತ್ತು.

ನಮ್ಮ ‘ಸಲಿಗೆ’ಯೂ ಹೀಗೇ ಅಲ್ವಾ. ‘ಅವರ ಮನೇಲಿ ನನಗೆ ಸಲಿಗೆ ಇದೆ’ ಅಂದರೆ ಪ್ರೀತಿ, ಅಡುಗೆಮನೆವರೆಗೂ ಹೋಗಬಹುದು. ‘ಸಲಿಗೆ ಕೊಟ್ಟಿದ್ದೇ ಜಾಸ್ತಿ ಆಯ್ತು’ ಅಂದರೆ ಬೇಸರ. ಈ ಕಡೆ ‘ಸದರ’ ಅಂತ ಇನ್ನೊಂದು ಮಾತಿದೆ, ‘ನಾನು ಅವನಿಗೆ ಸದರ ಆಗಿಬಿಟ್ಟೆ’ ಅನ್ನುತ್ತಾರೆ, ಅದರಲ್ಲಿ ಬೇಸರವೇ ಎದ್ದು ಕಾಣುತ್ತದೆ. ‘ಟೂ ಚಮ್ಮಿ’ ಅದಕ್ಕೆ ಹತ್ತಿರ. ಆಫೀಸಿನಲ್ಲಿ ಯಾರಾದರೂ ‘ಹಿ ಈಸ್ ಗೆಟಿಂಗ್ ಚಮ್ಮಿ ವಿತ್ ದಿ ಬಾಸ್’ ಅಂದರೆ ಅವನು ಏನೋ ಲಾಭಕ್ಕೆ ಹತ್ತಿರ ಹೋಗುತ್ತಿದ್ದಾನೆ ಅನ್ನುವ ಅನುಮಾನ ಅದರೊಳಗಿರುತ್ತದೆ. ‘ಫ್ರೆಂಡ್ಲಿ’ಯಲ್ಲಿ ಆ ಅನುಮಾನ ಇಲ್ಲ.

ಮೂಲ ಪದ ‘ಚಮ್’. 17ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲೆಂಡಿನ ವಿದ್ಯಾರ್ಥಿಗಳು ಒಂದೇ ಕೋಣೆಯಲ್ಲಿ ಇರುವ ಜೊತೆಗಾರನನ್ನು ಹೀಗೆ ಕರೆಯುತ್ತಿದ್ದರು. ಕೋಣೆ ಅನ್ನುವ ‘ಚೇಂಬರ್’ನಿಂದಲೇ ಅದು ಮೊಟಕಾಗಿ ಬಂದಿರಬೇಕು ಅನ್ನುವುದು ಸಾಮಾನ್ಯವಾಗಿ ಒಪ್ಪಿರುವ ಮಾತು. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದಲ್ಲೇ ಮದುವೆಯಾಗದ ಬಿಳಿಯರು ಕೆಲವರು ಸೇರಿ ಒಂದು ಮನೆ ಹಿಡಿದು, ಅಡುಗೆ ಖರ್ಚು ಹಂಚಿಕೊಂಡು ಇರುತ್ತಿದ್ದರು, ಅಂಥ ಮನೆಗೆ ‘ಚಮ್ಮರಿ’ ಅನ್ನುತ್ತಿದ್ದರು. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಗೆ ಓದಲು ಬಂದು ಸರಸ್ವತಿಪುರಂನಲ್ಲಿ ರೂಮು ಮಾಡಿಕೊಂಡು, ಸರದಿ ಮೇಲೆ ಅನ್ನ ಸಾರು ಮಾಡುವ ಹುಡುಗರಿಗೆ ಈ ಪದದ ಒಳಗಿನ ಅರ್ಥವನ್ನು ಯಾರೂ ಹೇಳಿಕೊಡಬೇಕಿಲ್ಲ.

ಒಂದು ಎಚ್ಚರಿಕೆ. ಯಾರನ್ನೂ ‘ಚಮ್’ ಅಂತ ಕರೆಯಬೇಡಿ, ಮಕ್ಕಳಿಗೂ ಹೇಳಿ. ‘ಲಿಸನ್, ಚಮ್’ ಅಂತ ಇಂಗ್ಲಿಷಿನವರು ಅಂದರೆ ಎಷ್ಟೋ ಸಲ ಅದು ಗದರಿಸುವ ದನಿ. ಬ್ರಿಟನ್ನಿನ ಪೊಲೀಸರ ಆಡುಮಾತಲ್ಲಂತೂ ‘ಚಮ್ಮಿ’ ಅಂದರೆ ಸಿಕ್ಕಿಬಿದ್ದ ಆರೋಪಿ.

ಇನ್ನು ಇಲ್ಲಿನ ಕನ್ನಡ. ಹೊಸಬರಿಗೆ ಇಂಗ್ಲಿಷಿಗಿಂತ ಇದೇ ಮೊದಲು ಗಾಬರಿ ಹುಟ್ಟಿಸುತ್ತದೆ. ನಿಮ್ಮ ಮಗನಿಗೆ ಮಂಡ್ಯದ ಸಹಪಾಠಿ ಮೊದಲ ವಾರದಲ್ಲೇ ‘ಏನ್ಲಾ, ಬಾರ್ಲಾ’ ಅಂದರೆ ಜಗಳ ಅಂದುಕೊಳ್ಳಬೇಡಿ. ಹುಡುಗ ಇವನನ್ನು ತನ್ನವನು ಅಂತ ಒಪ್ಪಿಕೊಂಡಿದ್ದಾನೆ. ಉತ್ತರ ಕರ್ನಾಟಕದ ‘ದೋಸ್ತ’, ಮಂಗಳೂರಿನ ‘ಮಾರಾಯ’ ಮಾಡುವ ಕೆಲಸವನ್ನು ಇಲ್ಲಿ ‘ಗುರು’, ‘ಮಗಾ’ ಮಾಡುತ್ತವೆ. ಹೋಟೆಲಲ್ಲಿ ‘ಗುರು, ಒಂದು ಬೈಟು ಕಾಫಿ’ ಅಂತ ಒಬ್ಬ ಹುಡುಗ ಇನ್ನೊಬ್ಬನಿಗೆ ಹೇಳುವುದು ಚಂದ. ಆದರೆ ಗಲ್ಲೆಯಲ್ಲಿ ಕೂತ ಹಿರಿಯರಿಗೆ ಹಾಗೆ ಅನ್ನಬಾರದು, ಅವರಿಗೆ ‘ಸಾರ್’ ಅಥವಾ ‘ಯಜಮಾನ್ರೇ’. ‘ಲಾ’ ಅಂತೂ ಓರಗೆಯವರಿಗೆ, ಚಿಕ್ಕವರಿಗೆ ಮಾತ್ರ. ಅವರಾಗಿ ಶುರು ಮಾಡುವ ತನಕ ‘ಬನ್ನಿ, ಹೋಗಿ’ಯಲ್ಲೇ ಇರಿ, ಮೈಸೂರಲ್ಲಿ ಯಾರೂ ಅದಕ್ಕೆ ಬೇಜಾರಾಗುವುದಿಲ್ಲ.

ಬರೆಯುವಾಗ: ಶಾಲೆಯ ಅರ್ಜಿಯಲ್ಲಿ ಮಗುವಿನ ಸ್ವಭಾವ ಕೇಳಿದ ಕಡೆ ‘ಫ್ರೆಂಡ್ಲಿ’ ಅಂತ ಹಾಕಿ. ಕೆಲಸದ ಪತ್ರದಲ್ಲೂ ಅದೇ. ‘ಚಮ್ಮಿ’ ಮಾತಿಗೆ, ಗೆಳೆಯರ ಮೆಸೇಜಿಗೆ ಸರಿ. ಡೈರಿಯಲ್ಲಿ ಆ ಪದ ಕಂಡರೆ ಅದರ ಹಿಂದಿನ ಪದ ನೋಡಿ. ‘ಟೂ’ ಅಂತಲೋ ‘ಎ ಬಿಟ್’ ಅಂತಲೋ ಇದ್ದರೆ ಸಹಿ ಮಾಡುವ ಮುಂಚೆ ಮಗುವನ್ನು ಗದರದೆ, ಪಕ್ಕದಲ್ಲಿ ಯಾರು ಕೂರುತ್ತಾರೆ ಅಂತ ಕೇಳಿ, ಆಮೇಲೆ ಟೀಚರ್ ಹತ್ತಿರ ಮಾತಾಡಿ.